ಬಾಯಾರಿಕೆಯ ಸರದಿ

ಮದೀನಾದಲ್ಲಿ ರೂಮಾ ಎಂಬ ಬಾವಿಯೊಂದಿತ್ತು. ಹಣ ಕೊಟ್ಟವರಿಗಷ್ಟೇ ಅದರ ನೀರು. ಹಝ್ರತ್ ಉಸ್ಮಾನ್(ರ) ಆ ಬಾವಿಯನ್ನು ಕೊಂಡು ಎಲ್ಲರಿಗೂ ಮುಕ್ತಗೊಳಿಸಿದರು. ದಾನದ ಮಹಿಮೆ ಸಾರಲು ನಾವು ಈ ಘಟನೆಯನ್ನು ಹೇಳುತ್ತೇವೆ. ಆದರೆ ಅದರೊಳಗೆ ನ್ಯಾಯದ ಪ್ರಶ್ನೆಯೂ ಇದೆ. ನೀರು ಕಡಿಮೆಯಿರುವಾಗ ಮೊದಲ ಸರದಿ ಯಾರದು?

ಉತ್ತರ ಆಫ್ರಿಕಾದ ಮೊರೊಕ್ಕೊ ಇಂದು ಈ ಪ್ರಶ್ನೆಯನ್ನು ಎದುರಿಸುತ್ತಿದೆ. ಅಲ್ಲಿನ ಫೆಝ್‌ನಂತಹ ಹಳೆಯ ನಗರಗಳಲ್ಲಿ ದಾರಿಹೋಕರಿಗಾಗಿ ಕಟ್ಟಿದ ನೀರಿನ ಕಟ್ಟೆಗಳು ಈಗಲೂ ಕಾಣಸಿಗುತ್ತವೆ. ಆಧುನಿಕ ಸರಕಾರದ ಸಾಧನೆಯೂ ಸಣ್ಣದಲ್ಲ. 1990ರ ದಶಕದ ಮಧ್ಯದಲ್ಲಿ ಹಳ್ಳಿಗರಲ್ಲಿ ನೂರಕ್ಕೆ ಸುಮಾರು 14 ಮಂದಿಗಷ್ಟೇ ಶುದ್ಧ ನೀರಿನ ಸೌಲಭ್ಯವಿತ್ತು. 1995ರಲ್ಲಿ ಗ್ರಾಮೀಣ ಕುಡಿಯುವ ನೀರಿನ ಯೋಜನೆ ಆರಂಭವಾಯಿತು. ಎರಡು ದಶಕಗಳೊಳಗೆ ಸರಕಾರಿ ಲೆಕ್ಕ ಶೇ. 90ನ್ನು ದಾಟಿತು. ನೀರು ಹೊರುವುದರಲ್ಲೇ ದಿನ ಕಳೆಯುತ್ತಿದ್ದ ಎಷ್ಟೋ ಹೆಣ್ಮಕ್ಕಳಿಗೆ ಶಾಲೆಯ ದಾರಿ ತೆರೆಯಿತು.

ಆದರೆ ಲೆಕ್ಕದಲ್ಲಿ ನಳ್ಳಿಯಿದ್ದರೆ ಸಾಲದು, ನಳ್ಳಿಯಲ್ಲಿ ನೀರೂ ಬರಬೇಕು. 2017ರಲ್ಲಿ ದಕ್ಷಿಣದ ಝಗೋರಾ ಪಟ್ಟಣದ ಜನರು ಕುಡಿಯುವ ನೀರಿಗಾಗಿ ಬೀದಿಗಿಳಿದರು. ಹಲವರು ಬಂಧಿತರಾದರು. ಅದೇ ಪ್ರದೇಶದ ಅಂತರ್ಜಲ ಹೀರಿ ಬೆಳೆದ ಕಲ್ಲಂಗಡಿ ಯುರೋಪಿನ ಮಾರುಕಟ್ಟೆಗೂ ಹೋಗುತ್ತಿತ್ತು. ಹೊಲಕ್ಕೆ ದಕ್ಕಿದ ನೀರು ಮನೆಯ ಕೊಡಕ್ಕೆ ದಕ್ಕಲಿಲ್ಲ.

ಸತತ ಬರದ ಬಳಿಕ 2024ರ ಆರಂಭದಲ್ಲಿ ಹಲವು ನಗರಗಳ ಹಮ್ಮಾಮ್‌ಗಳನ್ನು, ಅಂದರೆ ಸಾರ್ವಜನಿಕ ಸ್ನಾನಗೃಹಗಳನ್ನು, ವಾರಕ್ಕೆ ಮೂರು ದಿನ ಮುಚ್ಚಿಸಲಾಯಿತು. ಮನೆಯಲ್ಲಿ ಬಿಸಿನೀರಿನ ಅನುಕೂಲವಿಲ್ಲದ ಬಡವರು ಮೈ ತೊಳೆಯುವ ಜಾಗವದು. ಅಲ್ಲಿ ದುಡಿಯುವವರ ಕೂಲಿಗೂ ಕತ್ತರಿ ಬಿತ್ತು. ದೇಶದಲ್ಲಿ ಬಳಕೆಯಾಗುವ ನೀರಿನ ಶೇ. 80ಕ್ಕೂ ಹೆಚ್ಚು ಪಾಲು ಹೋಗುವುದು ಕೃಷಿಗೆ. ಹಾಗಿರುವಾಗ ಮಿತವ್ಯಯದ ಪಾಠ ಮೊದಲು ಬಡವನ ಬಕೆಟ್‌ನಿಂದಲೇ ಏಕೆ ಆರಂಭವಾಗಬೇಕು?

ರೈತನ ಬದುಕೂ ಬದುಕೇ. ಹೊಲವನ್ನೇ ನಂಬಿದ ಕೂಲಿಯಾಳುಗಳೂ ಇದ್ದಾರೆ. ಕೊಳವೆ, ಒಳಚರಂಡಿ, ಶುದ್ಧೀಕರಣ ಘಟಕಗಳಿಗೆ ಹಣ ಬೇಕು. ಶುಲ್ಕವೇ ಬೇಡವೆಂದರೆ ವ್ಯವಸ್ಥೆ ನಿಲ್ಲದು. ಇದನ್ನು ಒಪ್ಪಿಯೇ ಮಾತಾಡಬೇಕು. ಇಸ್ಲಾಮೀ ಕರ್ಮಶಾಸ್ತ್ರವೂ ನೀರಿನ ಮೇಲಿನ ಒಡೆತನವನ್ನು ಪೂರ್ತಿ ನಿರಾಕರಿಸಿಲ್ಲ. ಆದರೆ ಅದು 'ಶಫಾ' ಎಂಬ ಹಕ್ಕನ್ನು ಗುರುತಿಸಿತು. ಮನುಷ್ಯರ ಮತ್ತು ಜಾನುವಾರುಗಳ ಬಾಯಾರಿಕೆ ಮೊದಲು, ಹೊಲದ ಸರದಿ ಅನಂತರ. ತನ್ನ ಅಗತ್ಯಕ್ಕೆ ಮಿಕ್ಕಿದ ನೀರನ್ನು ಬಾಯಾರಿದವನಿಂದ ತಡೆಹಿಡಿಯುವುದು ಪಾಪ. ನೀರು ತಲುಪಿಸುವ ಶ್ರಮಕ್ಕೆ ಬೆಲೆ ಪಡೆಯಬಹುದು, ಬಾಯಾರಿಕೆಯನ್ನು ಹರಾಜಿಗಿಡುವಂತಿಲ್ಲ.

ಮೊರೊಕ್ಕೊ ಈಗ ಸಮುದ್ರದ ನೀರನ್ನು ಸಿಹಿಗೊಳಿಸುತ್ತಿದೆ. ಅಗಾದಿರ್ ಬಳಿಯ ಘಟಕದ ನೀರು ಮನೆಗಳಿಗೂ ಹೋಗುತ್ತದೆ, ಹೊಲಗಳಿಗೂ ಹೋಗುತ್ತದೆ. ನೀರು ಎಲ್ಲಿಂದ ಬಂದರೂ ಹಂಚಿಕೆಯ ಪ್ರಶ್ನೆ ತಪ್ಪುವುದಿಲ್ಲ.

ರೂಮಾದ ಘಟನೆಯಲ್ಲಿ ನಾವು ಮರೆಯುವ ಒಂದು ಅಂಶವಿದೆ. ಆ ಬಾವಿಯನ್ನು ಕೊಳ್ಳುವವನ ಬಕೆಟ್ ಇತರರ ಬಕೆಟ್‌ಗಳಿಗೆ ಸಮನಾಗಿರಬೇಕು ಎಂಬುದು ಪ್ರವಾದಿ(ಸ)ಯವರ ಶರತ್ತಾಗಿತ್ತು. ಹಣ ಕೊಟ್ಟವರೂ ಉಳಿದವರ ಜೊತೆಗೇ ಸರದಿಯಲ್ಲಿ ನಿಂತರು. ನೀರನ್ನು ಆಳುವವರೆಲ್ಲರಿಗೂ ಇದೇ ಅಳತೆಗೋಲು.