ಇಂದಿನ ಧಮ್ಮ ಚಿಂತನೆ: ನಿಂಬೆಹಣ್ಣು ಮತ್ತು ಗೇರ್ ಆಯಿಲ್



ಇವತ್ತು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಭದ್ರಾವತಿಯವನು, ಲಗೇಜ್ ಗಾಡಿ ಓಡಿಸುತ್ತೇನೆ. ಬೆಳಗಿನ ಜಾವ ಬಾಳೆಗೊನೆ, ಸೊಪ್ಪು ತುಂಬಿಕೊಂಡು ಹೊರಟು, ಬೆಳಕು ಹರಿಯುವ ಮೊದಲೇ ಶಿವಮೊಗ್ಗದ ಗಾಂಧಿ ಬಜಾರ್ ಸೇರಬೇಕು. ಹೋದ ಡಿಸೆಂಬರ್‌ನಲ್ಲಿ ಗೇರ್ ಆಯಿಲ್ ಬದಲಾಯಿಸಿದೆ. ಮಾರನೇ ದಿನದಿಂದಲೇ ತೊಂದರೆ ಶುರುವಾಯಿತು. ಚಳಿಯಲ್ಲಿ ಗಾಡಿ ತೆಗೆದರೆ ಎರಡನೇ ಗೇರ್ ಬೀಳುವುದೇ ಇಲ್ಲ. ಕ್ಲಚ್ ಪೂರ್ತಿ ಒತ್ತಿದರೂ ಬಿಗಿ. ಜೋರು ಮಾಡಿದರೆ ಕರ್ ಎಂಬ ಸದ್ದು.

ಬಜಾರ್‌ನಲ್ಲಿ ಜೊತೆಯ ಡ್ರೈವರ್‌ಗಳು, "ಅಮಾವಾಸ್ಯೆ ನೋಡದೆ ಕೆಲಸ ಮಾಡಿಸಿದ್ದೀಯ, ದೃಷ್ಟಿ ಆಗಿದೆ" ಅಂದರು. ಅದು ಅವ್ವನ ಕಿವಿಗೂ ಬಿತ್ತು. ಮರುದಿನ ನಸುಕಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಗಾಡಿಗೆ ಕಟ್ಟಲು ಬಂದಳು. ನಾನು ಕಿತ್ತುಕೊಂಡು ಚರಂಡಿಗೆ ಎಸೆದೆ. "ಇಪ್ಪತ್ತೆರಡು ಪ್ರತಿಜ್ಞೆ ತಗೊಂಡ ಮನೆ ಇದು!" ಎಂದು ಕೂಗಾಡಿದೆ. ಅವ್ವ ಮಾತಾಡದೆ ಒಳಗೆ ಹೋದಳು.

ಲೋಡ್ ಇಳಿಸಿ ಸೀದಾ ಗ್ಯಾರೇಜಿಗೆ ಹೋದೆ. ಆಯಿಲ್ ಹಾಕಿದ ಹುಡುಗನನ್ನು ಹತ್ತು ಜನರ ಎದುರು ಬೈದೆ. "ಹಳೇ ಆಯಿಲ್ ತುಂಬಿ ಹೊಸದನ್ನ ಮಾರಿಕೊಂಡಿದ್ದೀಯ" ಅಂದೆ. ಮಾಲೀಕರು ಅವನಿಗೆ, "ನಾಳೆಯಿಂದ ಬರಬೇಡ" ಅಂದುಬಿಟ್ಟರು.

ಹುಡುಗ ತಲೆ ತಗ್ಗಿಸಿಕೊಂಡೇ ಕೇಳಿದ: "ಅಣ್ಣಾ, ಮಧ್ಯಾಹ್ನ ಗೇರ್ ಹೇಗೆ ಬೀಳುತ್ತೆ?"

"ಮಧ್ಯಾಹ್ನ ಸಲೀಸು."

"ಹಾಗಾದ್ರೆ ಅವತ್ತು ನೀವೇ ತಂದುಕೊಟ್ರಲ್ಲ, ಆ ಡಬ್ಬ ನೋಡಿ."

ಡಬ್ಬ ಸೀಟಿನ ಹಿಂದೆಯೇ ಇತ್ತು. ಅದರ ಮೇಲೆ 85ಡಬ್ಲ್ಯು-140 ಎಂದಿತ್ತು. ಗಾಡಿಯ ಪುಸ್ತಕದಲ್ಲಿ ಇದ್ದದ್ದು 80ಡಬ್ಲ್ಯು-90. ಲೋಡ್ ಗಾಡಿಗೆ ಗಟ್ಟಿ ಆಯಿಲ್ ಒಳ್ಳೆಯದೆಂದು ಹಟ ಮಾಡಿ ತಂದವನು ನಾನೇ. ಅವನು ಅವತ್ತೇ ಬೇಡ ಅಂದಿದ್ದ.

ಹುಡುಗ ಬಿಡಿಸಿ ಹೇಳಿದ. ಗೇರ್ ಬಾಕ್ಸ್ ಒಳಗೆ ಹಿತ್ತಾಳೆಯ ರಿಂಗ್ ಇರುತ್ತದೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಉಜ್ಜಿ ಸಮ ವೇಗಕ್ಕೆ ತರುವುದು ಅದರ ಕೆಲಸ. ಸಮವಾದ ಮೇಲೆಯೇ ಅವು ಕೂಡುತ್ತವೆ. ನಡುವೆ ಇರುವ ಆಯಿಲ್ ಚಳಿಗೆ ಗಟ್ಟಿಯಾಗಿದ್ದರೆ ರಿಂಗ್‌ಗೆ ಹಿಡಿತ ಸಿಗುವುದಿಲ್ಲ. ಬಿಸಿಯಾದಾಗ ಆಯಿಲ್ ತೆಳುವಾಗಿ ಸರಿಯುತ್ತದೆ. ಒತ್ತಾಯ ಮಾಡಿದರೆ ರಿಂಗ್ ಸವೆಯುತ್ತದೆ, ಅಷ್ಟೆ.

ಬಂಧುಗಳೇ, 1956ರ ಮೇ ತಿಂಗಳಲ್ಲಿ ಬಾಬಾಸಾಹೇಬರು ಬಿಬಿಸಿ ರೇಡಿಯೋದಲ್ಲಿ ಮಾತಾಡುತ್ತಾ, ಬೌದ್ಧ ಧಮ್ಮ ತಮಗೆ ಯಾಕೆ ಇಷ್ಟ ಎಂಬುದನ್ನು ವಿವರಿಸಿದರು. ಪ್ರಜ್ಞೆ, ಕರುಣೆ, ಸಮತೆ ಈ ಮೂರೂ ಅದರಲ್ಲಿ ಒಟ್ಟಿಗೆ ಇವೆ ಎಂಬುದು ಅವರ ಕಾರಣ. ಒಟ್ಟಿಗೆ ಎನ್ನುವುದನ್ನು ನಾನು ಮರೆತಿದ್ದೆ. ನಿಂಬೆಹಣ್ಣು ಎಸೆದದ್ದನ್ನೇ ಪ್ರಜ್ಞೆ ಅಂದುಕೊಂಡೆ. ಆದರೆ ಪರೀಕ್ಷಿಸದೆ ದೃಷ್ಟಿ ಅಂದವರಿಗೂ, ಪರೀಕ್ಷಿಸದೆ ಕಳ್ಳ ಅಂದ ನನಗೂ ಏನು ವ್ಯತ್ಯಾಸ? ಇಬ್ಬರೂ ಕಾರಣ ಹುಡುಕಲಿಲ್ಲ. ಯಾರೋ ಹೇಳಿದರೆಂದು ಒಪ್ಪಬೇಡಿ ಎಂದು ಭಗವಾನರು ಕಾಲಾಮರಿಗೆ ಹೇಳಿದರು. ನನ್ನ ಸ್ವಂತ ಸಿಟ್ಟು ಹೇಳಿದ್ದಕ್ಕೂ ಆ ಮಾತು ಸಲ್ಲುತ್ತದೆ. ನಮ್ಮ ಹಿರಿಯರನ್ನು ವಿಚಾರಣೆಯೇ ಇಲ್ಲದೆ ಕಳ್ಳರೆಂದ ಊರುಗಳನ್ನು ನಾವು ಬಲ್ಲೆವು. ಅದೇ ಮಾತು ನನ್ನ ಬಾಯಿಂದ ಬಂತು.

ಅದೇ ಹತ್ತು ಜನರ ಎದುರು ಹುಡುಗನ ಕ್ಷಮೆ ಕೇಳಿದೆ. ಮಾಲೀಕರಿಗೂ ತಪ್ಪು ನನ್ನದೆಂದು ಹೇಳಿದೆ. ಹುಡುಗ ಕೆಲಸದಲ್ಲಿ ಉಳಿದ.

ಆಯಿಲ್ ಬದಲಿಸುವ ಮೊದಲು, ಮರುದಿನ ನಸುಕಿನಲ್ಲಿ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಮೊದಲು ಗೇರ್ ಬಿಗಿ. ಸ್ವಲ್ಪ ದೂರ ಹೋದ ಮೇಲೆ ಸಲೀಸು. ನಾನು ಬಾಯಿ ಬಿಡಲಿಲ್ಲ. ಅವ್ವನೇ ಹೇಳಿದಳು: "ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತಲ್ಲ, ಹಂಗೇನಾ ಮಗಾ?"

ಏಹಿಪಸ್ಸಿಕೋ, ಬಾ ನೋಡು ಎನ್ನುವುದು ಧಮ್ಮದ ಗುಣ. ದಿನಾ ವಂದನೆಯಲ್ಲಿ ಹೇಳುತ್ತೇವೆ. ನಾನು ಅವ್ವನಿಗೆ ಕೂಗಿ ಹೇಳಿದ್ದೆ, ಕರೆದು ತೋರಿಸಿರಲಿಲ್ಲ.

☸️ ಇಂದಿನ ಅಭ್ಯಾಸ: ಇವತ್ತು ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು ಒಂದು ಪ್ರಶ್ನೆ ಕೇಳೋಣ. ಮನೆಯ ಹಿರಿಯರ ಜೊತೆ ವಾದಕ್ಕೆ ನಿಲ್ಲುವ ಮೊದಲು ಅವರ ಪಕ್ಕ ಕೂರೋಣ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏
ಜೈ ಭೀಮ್ 💙