ಹೆಚ್ಚು ಎಲ್ಲಿದೆ: ಬೀಜದಲ್ಲೋ, ಬುದ್ಧಿಯಲ್ಲೋ?

ನಾಲ್ಕೂವರೆ ವರ್ಷದ ಮಗುವಿನ ಮುಂದೆ ಆರು ಹುಣಸೆ ಬೀಜಗಳನ್ನು ಸಾಲಾಗಿ ಇಡಿ. ಪ್ರತಿ ಬೀಜದ ಎದುರಿಗೂ ಒಂದೊಂದು ಕಲ್ಲಿಟ್ಟು ಇನ್ನೊಂದು ಸಾಲು ಮಾಡಿ. ‘ಎರಡೂ ಕಡೆ ಅಷ್ಟಷ್ಟೇ ಇದೆಯಾ?’ ಎಂದರೆ ಮಗು ಹೂಂ ಎನ್ನುತ್ತದೆ. ಈಗ ಅದರ ಕಣ್ಣೆದುರಿಗೇ ಕಲ್ಲುಗಳನ್ನು ತುಸು ದೂರ ದೂರ ಸರಿಸಿ ‘ಯಾವುದು ಜಾಸ್ತಿ?’ ಎಂದು ಕೇಳಿ. ಮಗು ಬಹುಮಟ್ಟಿಗೆ ಕಲ್ಲಿನ ಸಾಲಿಗೇ ಬೆರಳು ತೋರಿಸುತ್ತದೆ. ಒಂದು ಕಲ್ಲೂ ಹೊಸದಾಗಿ ಬಂದಿಲ್ಲ, ಒಂದು ಬೀಜವೂ ಕಳೆದುಹೋಗಿಲ್ಲ. ಎಣಿಸು ಎಂದರೆ ಎರಡನ್ನೂ ಆರು, ಆರು ಎಂದು ಸರಿಯಾಗಿ ಎಣಿಸಿ, ಆಮೇಲೂ ಉದ್ದದ ಸಾಲೇ ಜಾಸ್ತಿ ಎನ್ನುವ ಮಕ್ಕಳಿದ್ದಾರೆ.

ಜಿನೀವಾದ ಮನೋವಿಜ್ಞಾನಿ ಜೀನ್ ಪಿಯಾಜೆ ತಮ್ಮ ಸಹೋದ್ಯೋಗಿ ಅಲಿನಾ ಶೆಮಿನ್ಸ್ಕಾ ಅವರೊಂದಿಗೆ 1941ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪ್ರಯೋಗ ಪ್ರಸಿದ್ಧವಾಯಿತು. ಆರೇಳು ವರ್ಷದ ಹೊತ್ತಿಗೆ ಅದೇ ಮಗು, ಸುಮ್ಮನೆ ಸರಿಸಿದ್ದಷ್ಟೇ, ಹೆಚ್ಚು ಹೇಗಾದೀತು ಎಂದು ತಾನೇ ವಾದಿಸುತ್ತದೆ. ಈ ಎರಡು ವರ್ಷಗಳಲ್ಲಿ ಬೀಜ ಬದಲಾಗಲಿಲ್ಲ, ಕಣ್ಣೂ ಬದಲಾಗಲಿಲ್ಲ. ಹಾಗಾದರೆ ‘ಹೆಚ್ಚು’, ‘ಕಡಿಮೆ’, ‘ಸಮ’ ಎನ್ನುವುದು ಇರುವುದಾದರೂ ಎಲ್ಲಿ? ವಸ್ತುವಿನಲ್ಲೋ, ನೋಡುವವರಲ್ಲೋ?

ಇದು ಒಂದನೇ ತರಗತಿಯ ಪ್ರಶ್ನೆ ಮಾತ್ರವಲ್ಲ, ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೂ ಹೌದು.

ಪ್ಲೇಟೋನ ‘ಫೀಡೋ’ ಸಂವಾದದಲ್ಲಿ ಸಾಕ್ರೆಟಿಸ್ ಸಮವಾಗಿ ಕಾಣುವ ಎರಡು ಕೋಲುಗಳ ಮಾತೆತ್ತುತ್ತಾನೆ. ಲೋಕದ ಯಾವ ಎರಡು ಕೋಲೂ ಪೂರ್ತಿ ಸಮವಲ್ಲ. ಆದರೂ ಸಮತ್ವ ಎಂದರೇನೆಂದು ನಮಗೆ ಗೊತ್ತು. ನೋಡಿ ಕಲಿತದ್ದಲ್ಲವಾದರೆ ಆ ಅರಿವು ಹುಟ್ಟುವ ಮೊದಲೇ ಆತ್ಮಕ್ಕಿರಬೇಕು, ಕಲಿಕೆಯೆಂದರೆ ಅದನ್ನು ನೆನಪಿಸಿಕೊಳ್ಳುವುದು ಎಂಬುದು ಅವನ ವಾದ. ಹುಟ್ಟಿನಿಂದ ಏನೋ ಬಂದಿರುವುದು ನಿಜವೆಂದು ಇಂದಿನ ಪ್ರಯೋಗಗಳೂ ಸೂಚಿಸುತ್ತವೆ. ಮನೋವಿಜ್ಞಾನಿಗಳಾದ ಫೇ ಶು ಮತ್ತು ಎಲಿಜಬೆತ್ ಸ್ಪೆಲ್ಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳ ಕೂಸುಗಳು 8 ಚುಕ್ಕೆಗಳಿಗೂ 16 ಚುಕ್ಕೆಗಳಿಗೂ ವ್ಯತ್ಯಾಸ ಗುರುತಿಸಿದವು. 8 ಮತ್ತು 12ರ ನಡುವೆ ಮಾತ್ರ ಅವಕ್ಕೆ ವ್ಯತ್ಯಾಸ ಹೊಳೆಯಲಿಲ್ಲ. ಅಂದರೆ ಕೂಸಿಗೆ ದಕ್ಕಿರುವುದು ಅಂದಾಜು. ಪ್ಲೇಟೋ ಕೇಳಿದ ಕರಾರುವಾಕ್ಕಾದ ಸಮತ್ವ ಇನ್ನೂ ದೂರವಿದೆ.

ಭಾರತದ ವೈಶೇಷಿಕ ದರ್ಶನದವರು ಬೇರೆಯೇ ದಾರಿ ಹಿಡಿದರು. ಪ್ರಶಸ್ತಪಾದರ ಭಾಷ್ಯದ ಪ್ರಕಾರ ಸಂಖ್ಯೆ ಒಂದು ಗುಣ. ಏಕತ್ವ ಆಯಾ ವಸ್ತುವಿನಲ್ಲೇ ಇದೆ. ಆದರೆ ದ್ವಿತ್ವ ಹಾಗಲ್ಲ. ಎರಡು ಗಡಿಗೆಗಳನ್ನು ಕಂಡವನು ‘ಇದು ಒಂದು, ಇದು ಒಂದು’ ಎಂದು ಎರಡನ್ನೂ ಒಟ್ಟಿಗೆ ಗ್ರಹಿಸಬೇಕು. ಆ ಗ್ರಹಿಕೆಗೆ ಅವರು ಕೊಟ್ಟ ಹೆಸರು ಅಪೇಕ್ಷಾಬುದ್ಧಿ. ಅದರಿಂದಲೇ ಗಡಿಗೆಗಳಲ್ಲಿ ದ್ವಿತ್ವ ಹುಟ್ಟುತ್ತದೆ, ಅದು ಅಳಿದಾಗ ದ್ವಿತ್ವವೂ ಅಳಿಯುತ್ತದೆ. ಎರಡರಿಂದ ಮುಂದಿನ ಎಲ್ಲ ಸಂಖ್ಯೆಗೂ ಇದೇ ನಿಯಮ. ಸಂಖ್ಯೆ ಬರೀ ಕಲ್ಪನೆ ಎಂದು ಅವರು ಹೇಳಲಿಲ್ಲ, ನೋಡುವವರಿಲ್ಲದೆಯೂ ತಾನಾಗಿ ಇರುತ್ತದೆ ಎಂದೂ ಹೇಳಲಿಲ್ಲ. ವಸ್ತುವೂ ಬೇಕು, ಅದನ್ನು ಇನ್ನೊಂದರ ಜೊತೆಗಿಟ್ಟು ನೋಡುವ ಬುದ್ಧಿಯೂ ಬೇಕು. ಉದ್ದದ ಸಾಲನ್ನು ತೋರಿಸಿದ ಮಗುವಿಗೆ ಇದಕ್ಕಿಂತ ನ್ಯಾಯವಾದ ವಿವರಣೆ ಸಿಗುವುದು ಕಷ್ಟ. ಅದು ತಪ್ಪು ನೋಡಿದ್ದಲ್ಲ. ಸಾಲಿನ ಉದ್ದ ನಿಜವಾಗಿಯೂ ಹೆಚ್ಚಾಗಿದೆ. ಇದಕ್ಕೆ ಇದು, ಅದಕ್ಕೆ ಅದು ಎಂದು ಹೊಂದಿಸಿ ಹಿಡಿಯುವ ಬುದ್ಧಿ ಇನ್ನೂ ಗಟ್ಟಿಯಾಗಿಲ್ಲ, ಅಷ್ಟೇ.

ಈ ಹೊಂದಿಸುವ ಕೆಲಸಕ್ಕೆ ಎಣಿಕೆ ಬರಲೇಬೇಕೆಂದಿಲ್ಲ. ಅಳಗುಳಿ ಮಣೆ ಆಡುವವರನ್ನು ನೋಡಿ. ಸುತ್ತು ಮುಗಿದ ಮೇಲೆ ಇಬ್ಬರೂ ತಮ್ಮ ತಮ್ಮ ಕಡೆಯ ಏಳು ಗುಳಿಗಳಿಗೆ ಮೊದಲಿದ್ದಷ್ಟೇ ಕಾಳು ತುಂಬುತ್ತಾ ಬರುತ್ತಾರೆ. ಒಬ್ಬರಿಗೆ ಗುಳಿ ತುಂಬಿಯೂ ಕಾಳು ಮಿಗುತ್ತದೆ, ಇನ್ನೊಬ್ಬರಿಗೆ ಗುಳಿ ಖಾಲಿ ಉಳಿಯುತ್ತದೆ. ಯಾರ ಬಳಿ ಹೆಚ್ಚು ಎಂಬುದು ಮಣೆಯ ಮೇಲೆ ಕಣ್ಣಿಗೇ ಕಾಣುತ್ತದೆ; ಒಟ್ಟು ಎಷ್ಟು ಕಾಳು ಎಂದು ಯಾರೂ ಕೇಳಬೇಕಾಗಿಲ್ಲ.

ಇದೇ ಉಪಾಯವನ್ನು ಜೈನ ಆಚಾರ್ಯರು ಅನಂತದವರೆಗೂ ಒಯ್ದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ತತ್ತ್ವವನ್ನು ತಿಳಿಯಲು ಹೇಳುವ ಎಂಟು ದ್ವಾರಗಳಲ್ಲಿ ಕೊನೆಯದು ಅಲ್ಪಬಹುತ್ವ, ಅಂದರೆ ಯಾವುದು ಕಡಿಮೆ ಯಾವುದು ಹೆಚ್ಚು ಎಂಬ ವಿಚಾರ. ಜೈನರ ಆಗಮಗ್ರಂಥವಾದ ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಸುಮಾರು 1,200 ವರ್ಷಗಳ ಹಿಂದೆ ಬರೆದ ಧವಲಾ ಟೀಕೆಯಲ್ಲಿ ಮಿಥ್ಯಾದೃಷ್ಟಿ (ತಪ್ಪು ತಿಳಿವಳಿಕೆಯ) ಜೀವಗಳ ರಾಶಿಯನ್ನು ಕಳೆದುಹೋದ ಕಾಲದ ಕ್ಷಣಗಳ ರಾಶಿಯೊಂದಿಗೆ ಹೋಲಿಸುವ ಪ್ರಸಂಗವಿದೆ. ಒಂದು ಕ್ಷಣ, ಒಂದು ಜೀವ ಎಂದು ಎರಡೂ ಕಡೆಯಿಂದ ತೆಗೆಯುತ್ತಾ ಹೋದರೆ ಕ್ಷಣಗಳು ಮುಗಿದರೂ ಜೀವಗಳು ಮುಗಿಯುವುದಿಲ್ಲ ಎಂದು ಅದು ವಾದಿಸುತ್ತದೆ. ಅನಂತಗಳನ್ನು ಜೋಡಿಸಿ ನೋಡುವ ಆಧುನಿಕ ಗಣಿತ ಜರ್ಮನಿಯ ಗಿಯೊರ್ಗ್ ಕ್ಯಾಂಟರ್‌ನಿಂದ 1870ರ ದಶಕದಲ್ಲಿ ರೂಪುಗೊಂಡಿತು.

ಹೋಲಿಕೆಯ ಬೇರು ಹೀಗೆ ಜೋಡಿಸಿ ನೋಡುವುದರಲ್ಲಿದ್ದರೆ, ತರಗತಿಯಲ್ಲಿ ಆಗುತ್ತಿರುವುದೇನು? ಎಷ್ಟೋ ಕಡೆ ಮಗುವಿಗೆ 7 ಮತ್ತು 5ರ ನಡುವೆ ಯಾವ ಚಿಹ್ನೆ ಹಾಕಬೇಕೆಂದು ಮೊದಲು ಕಲಿಸುತ್ತಾರೆ. ಮೊಸಳೆ ದೊಡ್ಡ ಸಂಖ್ಯೆಯ ಕಡೆಗೆ ಬಾಯಿ ತೆರೆಯುತ್ತದೆ ಎಂಬ ಸೂತ್ರ ಬಾಯಿಪಾಠವಾಗುತ್ತದೆ, ಪುಟದ ತುಂಬ ಸರಿ ಗುರುತು ಬೀಳುತ್ತದೆ. ಆದರೆ 7 ಏಕೆ ಹೆಚ್ಚು ಎಂದರೆ ಮಗು ‘ಮೊಸಳೆ ಅದನ್ನು ತಿನ್ನುತ್ತೆ’ ಎಂದು ಹೇಳಿ ಸುಮ್ಮನಾದರೆ, ಅಲ್ಲಿ ಹೋಲಿಕೆ ನಡೆದೇ ಇಲ್ಲ.

ಕೇಳುವ ರೀತಿಯೂ ಉತ್ತರವನ್ನು ಕೆಡಿಸಬಲ್ಲದು. ಮನೋವಿಜ್ಞಾನಿಗಳಾದ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ 1974ರಲ್ಲಿ ಪಿಯಾಜೆಯ ಪ್ರಯೋಗವನ್ನೇ ಸ್ವಲ್ಪ ಬದಲಿಸಿ ನಡೆಸಿದರು. ಸಾಲನ್ನು ದೊಡ್ಡವರು ಬೇಕೆಂದೇ ಸರಿಸುವ ಬದಲು, ತುಂಟ ಕರಡಿ ಬೊಂಬೆಯೊಂದು ನುಗ್ಗಿ ಚೆಲ್ಲಾಪಿಲ್ಲಿ ಮಾಡಿತು. ಆಗ ನಾಲ್ಕರಿಂದ ಆರು ವರ್ಷದೊಳಗಿನ ಎಷ್ಟೋ ಹೆಚ್ಚು ಮಕ್ಕಳು ‘ಅಷ್ಟೇ ಇದೆ’ ಎಂದರು. ದೊಡ್ಡವರು ಸರಿಸಿ, ಕೇಳಿದ್ದನ್ನೇ ಮತ್ತೆ ಕೇಳಿದಾಗ, ತನ್ನ ಮೊದಲ ಉತ್ತರ ಸರಿಯಿರಲಿಲ್ಲವೇನೋ ಎಂದು ಮಗು ಅಳುಕಬಹುದು. ಅದಕ್ಕೆ ಬುದ್ಧಿ ಸಾಲದು ಎಂದು ತೀರ್ಮಾನಿಸುವ ಮೊದಲು ಕೇಳುವವರು ತಮ್ಮ ಧಾಟಿಯನ್ನು ತಿದ್ದಿಕೊಳ್ಳಬೇಕು.

ಸಮ ಎನ್ನುವುದನ್ನು ಹೇಳಿಕೊಡಲು ಬರುವುದಿಲ್ಲ, ಮಗು ತಾನೇ ಮಾಡಿ ಕಂಡುಕೊಳ್ಳಬೇಕು. ಜರ್ಮನ್ ತತ್ತ್ವಜ್ಞಾನಿ ಗಾಟ್ಲೋಬ್ ಫ್ರೇಗೆ 1884ರಲ್ಲಿ ಸಂಖ್ಯೆಗಳ ಸಮತ್ವವನ್ನು ವಿವರಿಸಲು ಬಳಸಿದ್ದು ಊಟದ ಮೇಜಿನ ಉದಾಹರಣೆ: ಪ್ರತಿ ತಟ್ಟೆಯ ಪಕ್ಕ ಒಂದು ಚಾಕು ಇಟ್ಟ ಮಾಣಿಗೆ ಎರಡೂ ಸಮವೆಂದು ತಿಳಿಯಲು ಎಣಿಸುವ ಅಗತ್ಯವೇ ಇಲ್ಲ. ನಮ್ಮ ಮನೆಗಳಲ್ಲಿ ಊಟಕ್ಕೆ ತಟ್ಟೆ, ಲೋಟ ಹಾಕುವ ಕೆಲಸವನ್ನು ಮಕ್ಕಳಿಗೆ ಬಿಟ್ಟುಕೊಡಬಹುದು. ಅಂಗನವಾಡಿಯಲ್ಲಿ, ನಲಿ-ಕಲಿ ತರಗತಿಯಲ್ಲಿ ಚಿಹ್ನೆಗಳು ಒಂದೆರಡು ತಿಂಗಳು ತಡವಾಗಿ ಬಂದರೆ ನಷ್ಟವೇನೂ ಇಲ್ಲ. ತಂದೆತಾಯಿಯರೂ ಶಿಕ್ಷಕರೂ ಉತ್ತರ ಸರಿಯಿದ್ದಾಗಲೂ ‘ಹೇಗೆ ಗೊತ್ತಾಯಿತು?’ ಎಂದು ಮಗುವನ್ನು ಕೇಳಲಿ, ಅದು ಹೇಳಿ ಮುಗಿಸುವವರೆಗೆ ಕಾಯಲಿ.