ನೀಲಿಯಾಗುವ ಮುನ್ನ: ಆರಂಭಿಕ ವೇಗದ ಮೀಮಾಂಸೆ

ಪರ್‌ಸಲ್ಫೇಟ್ ಮತ್ತು ಅಯೋಡೈಡ್ ಕೂಡಿದರೆ ಅಯೋಡಿನ್ ಹುಟ್ಟುತ್ತದೆ. ಅಳೆದು ಹಾಕಿದ ಒಂದಿಷ್ಟು ಥಯೋಸಲ್ಫೇಟ್ ಅದನ್ನು ಹುಟ್ಟಿದಲ್ಲೇ ಹಿಡಿದು ಮತ್ತೆ ಅಯೋಡೈಡ್ ಮಾಡುತ್ತದೆ. ಥಯೋಸಲ್ಫೇಟ್ ಮುಗಿದದ್ದೇ ತಡ, ನೀರಿನಂತಿದ್ದ ದ್ರಾವಣ ಪಿಷ್ಟದ ದೆಸೆಯಿಂದ ಒಮ್ಮೆಲೇ ಕಡುನೀಲಿ. ಆ ಹೊತ್ತಿಗೆ ಸ್ಟಾಪ್‌ವಾಚ್ ತೋರಿಸುವ ಸಮಯದಿಂದ ಕ್ರಿಯೆಯ ಆರಂಭಿಕ ವೇಗ ಸಿಗುತ್ತದೆ ಎಂಬುದು ನಮ್ಮ ಪಕ್ಷ.

ಪೂರ್ವಪಕ್ಷಿ ಕೇಳುತ್ತಾನೆ: 40 ಸೆಕೆಂಡು ಕಾದು ಪಡೆದದ್ದು ಸರಾಸರಿ ವೇಗವಲ್ಲವೇ? ಹೌದು, ಸರಾಸರಿಯೇ. ಆದರೆ ಲೆಕ್ಕ ಹಾಕಿ ನೋಡೋಣ. ಬೆರೆತ ಮೇಲೆ ಪರ್‌ಸಲ್ಫೇಟ್ 0.040 ಮೋಲಾರ್, ಅಯೋಡೈಡ್ 0.10, ಥಯೋಸಲ್ಫೇಟ್ 0.0010 ಎನ್ನಿ. ಒಂದು ಅಯೋಡಿನ್ ಅಣುವಿಗೆ ಎರಡು ಥಯೋಸಲ್ಫೇಟ್ ಬೇಕು. ನೀಲಿ ಬರುವಷ್ಟರಲ್ಲಿ ಖರ್ಚಾದ ಪರ್‌ಸಲ್ಫೇಟ್ 0.0005, ಅಂದರೆ ಶೇ 1.25. ಅಯೋಡೈಡ್ ಇಳಿಯುವುದೇ ಇಲ್ಲ. ಹೀಗಾಗಿ ಸರಾಸರಿ ವೇಗ ಆರಂಭದ್ದಕ್ಕಿಂತ ಶೇ 0.6ರಷ್ಟು ಕಡಿಮೆ. ಗುಂಡಿ ಒತ್ತುವ ಬೆರಳು ಅರ್ಧ ಸೆಕೆಂಡು ತಡಮಾಡಿದರೆ ಆಗುವ ತಪ್ಪೇ ಇದರ ಎರಡರಷ್ಟು!

ಹಾಗಾದರೆ ಥಯೋಸಲ್ಫೇಟನ್ನು ಇನ್ನೂ ಹತ್ತು ಪಟ್ಟು ಇಳಿಸಬಾರದೇಕೆ? ನಾಲ್ಕೇ ಸೆಕೆಂಡಿಗೆ ನೀಲಿ ಬಂದೀತು. ಅಷ್ಟರಲ್ಲಿ ಕಲಕಿಯೇ ಮುಗಿದಿರದು.

ಉಷ್ಣತೆ ಬದಲಾದರೆ ವೇಗವೂ ಬದಲಾದೀತು ಎಂಬ ಆಕ್ಷೇಪ ಸಣ್ಣದು: ಎರಡೂ ದ್ರಾವಣಗಳನ್ನು ಒಂದೇ ನೀರಿನ ತೊಟ್ಟಿಯಲ್ಲಿಟ್ಟು ಆಮೇಲೆ ಬೆರೆಸಿದರಾಯಿತು.

ಗಟ್ಟಿ ಆಕ್ಷೇಪ ಮುಂದಿದೆ. ಸಮೀಕರಣದಲ್ಲಿ ಎರಡು ಅಯೋಡೈಡ್ ಇವೆ. ಅದರ ಸಾಂದ್ರತೆ ಅರ್ಧವಾದರೆ ಸಮಯ ನಾಲ್ಕು ಪಟ್ಟಾಗಬೇಕಲ್ಲ? ಆಗುವುದಿಲ್ಲ. ನಿಧಾನದ ಹಂತದಲ್ಲಿ ಪಾಲ್ಗೊಳ್ಳುವುದು ಒಂದೇ ಅಯೋಡೈಡ್. ಸಮಯ ದುಪ್ಪಟ್ಟು, 80 ಸೆಕೆಂಡು. "ನನಗೆ 90 ಬಂತು, ಲೆಕ್ಕದಲ್ಲಿ ಅಯೋಡೈಡ್ ಮಟ್ಟಿಗೆ ಕ್ರಿಯೆಯ ದರ್ಜೆ 1ರ ಬದಲು 1.17 ಆಯಿತು, ನಿಮ್ಮ ವಿಧಾನವೇ ಸುಳ್ಳು" ಎಂದು ವಿದ್ಯಾರ್ಥಿ ರೇಗುತ್ತಾನೆ. ಅವನ ಓದಿಕೆಯಲ್ಲಿ ತಪ್ಪಿಲ್ಲ. ಅಯೋಡೈಡ್ ಕಡಿಮೆ ಮಾಡಿದ ಜಾಗಕ್ಕೆ ಅವನು ಬರಿ ನೀರು ಸುರಿದಿದ್ದಾನೆ. ಪರ್‌ಸಲ್ಫೇಟ್, ಅಯೋಡೈಡ್ ಎರಡೂ ಋಣ ಅಯಾನುಗಳು, ಒಂದನ್ನೊಂದು ತಳ್ಳುತ್ತವೆ. ಸುತ್ತಲಿನ ಉಪ್ಪು ಆ ತಳ್ಳಾಟವನ್ನು ತಗ್ಗಿಸುತ್ತದೆ. ಉಪ್ಪು ಕಡಿಮೆಯಾದರೆ ಕ್ರಿಯೆ ಮಂದ. ರಸಾಯನವಿಜ್ಞಾನಿ ಬ್ರಾನ್‌ಸ್ಟೆಡ್ 1920ರ ದಶಕದಲ್ಲೇ ವಿವರಿಸಿದ ಲವಣ ಪರಿಣಾಮವಿದು. ನಮ್ಮ ಸಾಂದ್ರತೆಗಳಿಗೆ ಅಂದಾಜು ಹಾಕಿದರೆ ವೇಗ ಶೇ 10ಕ್ಕೂ ಮೇಲೆ ಕುಸಿಯುತ್ತದೆ, ಅವನ 90 ಸೆಕೆಂಡಿಗೆ ಸರಿಹೊಂದುವಂತೆ. ನೀರಿನ ಬದಲು ಅಷ್ಟೇ ಸಾಂದ್ರತೆಯ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಸುರಿದು ಮತ್ತೊಮ್ಮೆ ಅಳೆಯಲಿ.